ಹೊಂಡದ ಹತ್ತಿರ ಇಲ್ಲದವರು

ವಿಜಯಪುರ ಜಿಲ್ಲೆಯಲ್ಲಿ ಬೋರಿನ ಮಾತು ಬಂದರೆ ಎರಡು ಊರಿನ ಹೆಸರು ಜೊತೆಯಲ್ಲೇ ಬರುತ್ತವೆ. ಒಂದು ನಾಗಠಾಣ, ಇನ್ನೊಂದು ಇಂಡಿ ತಾಲ್ಲೂಕಿನ ಲಚ್ಯಾಣ. 2014ರ ಜೂನ್‌ನಲ್ಲಿ ನಾಗಠಾಣದ ಕೊಳವೆ ಬಾವಿಗೆ ಬಿದ್ದ ನಾಲ್ಕು ವರ್ಷದ ಹುಡುಗಿ ಉಳಿಯಲಿಲ್ಲ. 2024ರ ಏಪ್ರಿಲ್ 3ರ ಸಂಜೆ ಲಚ್ಯಾಣದ ತೋಟದಲ್ಲಿ ಆಗಷ್ಟೇ ಕೊರೆಸಿದ್ದ ಬೋರಿಗೆ ತಲೆಕೆಳಗಾಗಿ ಬಿದ್ದ, ಎರಡು ವರ್ಷವೂ ತುಂಬದ ಗಂಡುಕೂಸು ಮರುದಿನ ಮಧ್ಯಾಹ್ನ ಜೀವಂತ ಹೊರಬಂತು. ಸುಮಾರು 20 ತಾಸು ಅದು ನೆಲದಿಂದ 16 ಅಡಿ ಕೆಳಗೆ, ಕಾಲು ಮೇಲಾಗಿ ಸಿಕ್ಕಿಕೊಂಡಿತ್ತು.

ಒಂದು ಊರಿಗೆ ದೈವ ಒಲಿಯಿತು, ಇನ್ನೊಂದಕ್ಕೆ ಒಲಿಯಲಿಲ್ಲ ಎಂದು ಮುಗಿಸಿಬಿಡುವವರಿದ್ದಾರೆ. ಲಚ್ಯಾಣ ಸಿದ್ಧಲಿಂಗ ಮಹಾರಾಜರ ಮಠದ ಊರು. ಅಲ್ಲಿಯವರು ಹಾಗೆ ನಂಬಿದರೆ ನನ್ನ ತಕರಾರಿಲ್ಲ. ಆದರೆ ಈ ಎರಡು ಪ್ರಕರಣಗಳಲ್ಲಿ ಲೆಕ್ಕ ಹಾಕಬೇಕಾದ ಇನ್ನೊಂದು ಸಂಗತಿಯಿದೆ. ನಾಗಠಾಣದಲ್ಲಿ ಮೇಲಿನಿಂದ ಒಂದು ಯಂತ್ರದ ಕೈ ಇಳಿದಿತ್ತು. ಲಚ್ಯಾಣದಲ್ಲಿ ಕೂಸನ್ನು ಕೊನೆಗೆ ಹೊರತಂದದ್ದು ಬದಿಯಿಂದ ತಲುಪಿದ ಮನುಷ್ಯರ ಕೈ. ಇಷ್ಟರಿಂದ ಯಂತ್ರ ಕೆಟ್ಟದ್ದು, ಮನುಷ್ಯನೇ ದೊಡ್ಡವನು ಎಂದು ತೀರ್ಮಾನಿಸಿದರೆ ಅದು ಸೋಮಾರಿಯ ತೀರ್ಮಾನ. ನಾಗಠಾಣಕ್ಕೆ ಬಂದದ್ದು ಮದುರೈಯ ಎಂ. ಮಣಿಕಂಡನ್ ಅವರ ಯಂತ್ರ. ಅದಕ್ಕೆ ಎರಡೇ ತಿಂಗಳು ಮುಂಚೆ, 2014ರ ಏಪ್ರಿಲ್‌ನಲ್ಲಿ, ಅದೇ ಯಂತ್ರ ತಮಿಳುನಾಡಿನ ಶಂಕರನ್‌ಕೋವಿಲ್ ಬಳಿ ಮೂರು ವರ್ಷದ ಹುಡುಗನನ್ನು ಬೋರಿನಿಂದ ಜೀವಂತ ಮೇಲೆತ್ತಿತ್ತು. ಒಂದೇ ಯಂತ್ರ, ನಡೆಸಿದವರೂ ಅವರೇ. ಒಂದು ಬಾವಿಯಲ್ಲಿ ನಡೆದದ್ದು ಇನ್ನೊಂದರಲ್ಲಿ ನಡೆಯಲಿಲ್ಲ. ಹಾಗಾದರೆ ನೋಡಬೇಕಾದದ್ದು ಯಂತ್ರವನ್ನಲ್ಲ, ಅದಕ್ಕೂ ನಡೆಸುವವನಿಗೂ ನಡುವೆ ಏನಿದೆ ಎಂಬುದನ್ನು.

ಬೋರಿನ ಬಾಯಿ ಆರೂವರೆ ಇಂಚು, ಹೆಚ್ಚೆಂದರೆ ಏಳೆಂಟು. ಮೇಲಿನ ಎರಿಮಣ್ಣು, ಗರಸು ಕುಸಿಯದ ಹಾಗೆ ಒಂದಷ್ಟು ಆಳ ಕೇಸಿಂಗ್ ಪೈಪು. ಅದರ ಕೆಳಗೆ ಬರಿಯ ಕರಿಕಲ್ಲು. ಮಗು ಸಿಕ್ಕಿಕೊಂಡಿರುವುದು ಭುಜದಿಂದಲೋ, ಮಡಚಿದ ಮೊಣಕಾಲಿನಿಂದಲೋ, ಕಲ್ಲಿನ ಒಂದು ಮೂಲೆಯಿಂದಲೋ. ಇದರೊಳಗೆ ಹಗ್ಗಕ್ಕೋ ಸರಳಿಗೋ ಕಟ್ಟಿ ಇಳಿಸುವ ಯಂತ್ರದಲ್ಲಿ ಇರುವುದು ಒಂದು ಕ್ಯಾಮೆರಾ, ಒಂದು ದೀಪ, ಹಿಡಿಯಲು ಎರಡು ಮೂರು ಬೆರಳು. ಮೇಲೆ ಕೂತವನು ಪರದೆ ನೋಡುತ್ತಾ ಅದನ್ನು ಆಡಿಸುತ್ತಾನೆ. ಒಂದೇ ಕಣ್ಣಿನ ಕ್ಯಾಮೆರಾದಲ್ಲಿ ಚಿತ್ರ ಕಾಣುತ್ತದೆ, ದೂರ ಕಾಣುವುದಿಲ್ಲ. ಬೆರಳು ಮಗುವಿನ ಮುಂಗೈಗೆ ಎರಡು ಇಂಚು ದೂರವಿದೆಯೋ, ಆಗಲೇ ಒತ್ತುತ್ತಿದೆಯೋ ಗೊತ್ತಾಗುವುದಿಲ್ಲ. ಒದ್ದೆ ಗೋಡೆಯ ಮೇಲೆ ದೀಪ ಬಿದ್ದರೆ ಪರದೆ ಬೆಳ್ಳಗೆ. ಮೇಲಿನಿಂದ ಒಂದು ಹಿಡಿ ಮಣ್ಣುದುರಿದರೆ ಕಪ್ಪಗೆ. ಎಲ್ಲಕ್ಕಿಂತ ಮುಖ್ಯ, ಆ ಕೈಗೆ ಸ್ಪರ್ಶವಿಲ್ಲ. ಹಿಡಿತ ಬಿಗಿಯಾಯಿತೇ ಎಂದು ನಡೆಸುವವನು ಕಣ್ಣಿನಿಂದಲೇ ಊಹಿಸಬೇಕು.

ಈ ತೊಂದರೆ ಹೊಸದಲ್ಲ. 1940ರ ದಶಕದ ಕೊನೆಗೆ ಶಿಕಾಗೊ ಬಳಿಯ ಆರ್ಗಾನ್ ಪ್ರಯೋಗಾಲಯದಲ್ಲಿ ರೇಮಂಡ್ ಗೋರ್ಟ್ಜ್ ವಿಕಿರಣ ಸೂಸುವ ವಸ್ತುಗಳನ್ನು ದಪ್ಪ ಗೋಡೆಯಾಚೆಯಿಂದ ಎತ್ತಿಡುವ ಕೈಗಳನ್ನು ಮಾಡಿದರು. ಈಚೆ ಮನುಷ್ಯ ಕೈ ಆಡಿಸಿದ ಹಾಗೆ ಆಚೆ ಯಂತ್ರ ಆಡುತ್ತಿತ್ತು. ಮೊದಲಿಗೆ ನಡುವೆ ಇದ್ದದ್ದು ತಂತಿ, ಸರಳುಗಳ ಜೋಡಣೆ. ಆದ್ದರಿಂದ ಆಚೆಯ ಕೈ ಏನಕ್ಕಾದರೂ ತಾಗಿದರೆ ಈಚೆಯ ಕೈಗೆ ಅದು ಬಿಗಿಯಾಗಿ ತಿಳಿಯುತ್ತಿತ್ತು. 1954ರ ಹೊತ್ತಿಗೆ ಮೋಟಾರು ಬಂತು, ನಡುವೆ ಬರಿಯ ವಿದ್ಯುತ್ ತಂತಿ ಉಳಿಯಿತು. ತಾಗಿದ್ದು ತಿಳಿಯುವುದು ಹೋಗಿಬಿಡುತ್ತದೆಂದು ಗೋರ್ಟ್ಜ್ ಅದನ್ನೂ ಮೋಟಾರಿನಿಂದಲೇ ವಾಪಸು ತರಿಸಿದರು. ಅಂದರೆ ದೂರದ ಕೈ ಹುಟ್ಟಿದ ಮೊದಲ ದಿನಗಳಲ್ಲೇ, ತಾಕು ಗೊತ್ತಾಗದ ಕೈಯನ್ನು ನಂಬಬಾರದೆಂಬುದು ಅದನ್ನು ಕಟ್ಟಿದವರಿಗೆ ಗೊತ್ತಿತ್ತು. ಎಪ್ಪತ್ತು ವರ್ಷದ ನಂತರವೂ ಬಹುಪಾಲು ಅಗ್ಗದ ಯಂತ್ರಗಳಿಗೆ ಆ ಸೌಲಭ್ಯವಿಲ್ಲ. ಕೋಟಿಗಟ್ಟಲೆ ಬೆಲೆಯ ಶಸ್ತ್ರಚಿಕಿತ್ಸೆಯ ರೋಬೋಗಳಲ್ಲೂ ಬಹುಕಾಲ ಇರಲಿಲ್ಲ. ದಾರ ಬಿಗಿಯುವಾಗ ಅಂಗಾಂಶ ಎಷ್ಟು ಎಳೆಯಿತೆಂದು ನೋಡಿಯೇ ಸರ್ಜನ್ ಬಲದ ಅಂದಾಜು ಮಾಡಬೇಕಿತ್ತು.

ಅಡ್ಡಿಗಳ ನಡುವೆ ದೂರದ ಕೈಯನ್ನು ಹಾಯಿಸುವುದು ಇನ್ನೊಂದು ತೊಡಕು. ನಡೆಸುವವನ ಕಣ್ಣು ಯಾವಾಗಲೂ ಬೆರಳ ತುದಿಯ ಮೇಲೆ. ಬಡಿಯುವುದು ಮೊಣಕೈ. ನೀವೇ ಮಾಡಿ ನೋಡಬಹುದು: ಅಂಗೈಯನ್ನು ಮೇಜಿಗೆ ಊರಿ, ಭುಜ ಅಲುಗಿಸದೆ ಮೊಣಕೈಯನ್ನು ಮಾತ್ರ ಅತ್ತಿತ್ತ ತಿರುಗಿಸಿ, ತಿರುಗುತ್ತದೆ. ಏಳು ಕೀಲಿನ ಯಂತ್ರದ ತೋಳಿಗೂ ಈ ಸೌಲಭ್ಯವಿದೆ. ತುದಿ ನಿಂತಲ್ಲೇ ನಿಂತು ಮಿಕ್ಕ ತೋಳು ಗೋಡೆಯಿಂದ ಸರಿದುಕೊಳ್ಳಬಹುದು. ಏಳು ಕೀಲನ್ನೂ ಒಬ್ಬ ಮನುಷ್ಯ ಎರಡು ಜಾಯ್‌ಸ್ಟಿಕ್ ಹಿಡಿದು ಏಕಕಾಲಕ್ಕೆ ನಿಭಾಯಿಸಲಾರ. ಆಗ ಗಣಕದ ಸಹಾಯ ಬೇಕು. ಸ್ಟ್ಯಾನ್‌ಫರ್ಡ್‌ನ ಉಸಾಮಾ ಖತೀಬ್ 1980ರ ದಶಕದಲ್ಲಿ ಒಂದು ಉಪಾಯ ಹೇಳಿದರು: ಗುರಿಯು ತೋಳನ್ನು ಸೆಳೆಯಲಿ, ಅಡ್ಡಿಯಾಗುವ ಪ್ರತಿಯೊಂದು ವಸ್ತುವೂ ಅದನ್ನು ದೂಡಲಿ. ಸೆಳೆತ, ದೂಡಿಕೆ ಎರಡರ ಮೊತ್ತವೇ ತೋಳಿನ ದಾರಿ. ನಂತರದವರು ಇನ್ನೂ ಮುಂದೆ ಹೋದರು. ಕೆಲವರು ಪರದೆಯಲ್ಲಿ ಕಾಣದ ಬೇಲಿ ಹಾಕಿದರು. ಕೈ ಅದರಾಚೆ ಹೋಗಲು ನೋಡಿದರೆ ಹಿಡಿಕೆಯೇ ಬಿಗಿಯಾಗುತ್ತದೆ. ಕೆಲವರು ನಡೆಸುವವನ ಚಲನೆ ನೋಡಿ ಅವನು ಯಾವುದನ್ನು ಹಿಡಿಯಲು ಹೊರಟಿದ್ದಾನೆಂದು ಊಹಿಸುವ ಲೆಕ್ಕ ಬರೆದರು. ಊಹೆ ಗಟ್ಟಿಯಾದಷ್ಟೂ ಯಂತ್ರ ಹೆಚ್ಚು ಪಾಲು ತಾನೇ ನಡೆಸುತ್ತದೆ, ಮನುಷ್ಯನ ಪಾಲು ಕಡಿಮೆಯಾಗುತ್ತದೆ.

ಇದೇನೂ ಒಕ್ಕಲುತನದವರಿಗೆ ವಿಚಿತ್ರವಲ್ಲ. ಹಳೆ ಎತ್ತು ಕಟ್ಟಿ ರಂಟಿ ಹೊಡೆದವರಿಗೆ ಗೊತ್ತು: ಕಲ್ಲಿಗೋ ಬೇರಿಗೋ ಕುಳ ತಾಗುತ್ತಲೇ ಎತ್ತು ತಾನಾಗಿ ನಿಲ್ಲುತ್ತದೆ, ಮೇಳಿ ಹಿಡಿದವನು ಹೇಳುವ ಮೊದಲೇ. ಆದರೆ ಆ ಎತ್ತು ಯಾರ ಮನೆಯದು, ಅದನ್ನು ಯಾರು ಪಳಗಿಸಿದರು, ಎಲ್ಲಿ ನಿಲ್ಲುತ್ತದೆ, ಎಲ್ಲಿ ಹಟ ಮಾಡುತ್ತದೆ ಎಂಬುದು ಮೇಳಿ ಹಿಡಿದವನಿಗೆ ತಿಳಿದಿರುತ್ತದೆ. ಗಣಕದ ಸಹಾಯದಲ್ಲಿ ಇದೇ ತಿಳಿದಿರುವುದಿಲ್ಲ. ನನ್ನ ತಕರಾರು ಇಲ್ಲಿಂದ ಶುರುವಾಗುತ್ತದೆ.

ಖತೀಬರ ಲೆಕ್ಕವನ್ನೇ ಕೊಳವೆ ಬಾವಿಯೊಳಗೆ ಇಳಿಸಿ ನೋಡಿ. ಗುರಿ ಸೆಳೆಯಬೇಕು, ಅಡ್ಡಿ ದೂಡಬೇಕು. ಗುರಿ ಮಗು. ಅಡ್ಡಿ ಯಾವುದು? ಗೋಡೆ, ಸರಿ. ಕಲ್ಲಿನ ಮೂಲೆ, ಸರಿ. ಮಗುವಿನ ಭುಜ? ಮುಂಗೈ ಹಿಡಿಯಬೇಕಾದರೆ ಭುಜದ ಪಕ್ಕದಿಂದಲೇ ಬೆರಳು ಹೋಗಬೇಕು, ಭುಜಕ್ಕೆ ಒತ್ತಬಾರದು. ಆದರೆ ಒತ್ತದೆ ಹೋಗಲು ಅಲ್ಲಿ ಜಾಗವೇ ಇಲ್ಲ. ಹಿಡಿಯಬೇಕಾದ ಮೈ, ತಾಗಬಾರದ ಮೈ ಎರಡೂ ಒಂದೇ. ಸೆಳೆತವೂ ದೂಡಿಕೆಯೂ ಸಮವಾದ ಕಡೆ ತೋಳು ನಡುದಾರಿಯಲ್ಲೇ ನಿಂತುಬಿಡುತ್ತದೆಂಬುದು ಈ ಲೆಕ್ಕದ ಹಳೆಯ, ಎಲ್ಲರೂ ಒಪ್ಪಿದ ದೋಷ. ಬೋರಿನಲ್ಲಿ ಅದು ಮೊದಲ ಅಡಿಯಲ್ಲೇ ನಿಲ್ಲುತ್ತದೆ. ಮುಂದೆ ಹೋಗಬೇಕಾದರೆ ಯಾರಾದರೂ ಒಂದು ಅಂಕಿ ಬರೆಯಬೇಕು: ಇಷ್ಟು ಬಲದವರೆಗೆ ಮಗುವಿನ ಮೈಗೆ ಒತ್ತಬಹುದು, ಇದಕ್ಕಿಂತ ಹೆಚ್ಚಾದರೆ ನಿಲ್ಲು.

ಆ ಅಂಕಿಯನ್ನು ಬರೆಯುವವನು ಹೊಂಡದ ಹತ್ತಿರ ಇರುವುದಿಲ್ಲ. ಅವನು ಎಷ್ಟೋ ತಿಂಗಳ ಹಿಂದೆ, ಯಾವುದೋ ನಗರದ ಕೋಣೆಯಲ್ಲಿ, ರಬ್ಬರಿನ ಬೊಂಬೆಯನ್ನು ಪಿವಿಸಿ ಪೈಪಿನಲ್ಲಿ ಇಳಿಬಿಟ್ಟು ಪರೀಕ್ಷೆ ಮಾಡಿ ಅದನ್ನು ಬರೆದಿರುತ್ತಾನೆ. ಅಂಕಿ ಸಣ್ಣದಾದರೆ ಹಿಡಿತ ಜಾರುತ್ತದೆ. ದೊಡ್ಡದಾದರೆ ಎಳೆ ಮೂಳೆ ತಾಳುವುದಿಲ್ಲ. ಇದು ಎಂಜಿನಿಯರಿಂಗ್ ಪ್ರಶ್ನೆಯ ವೇಷದಲ್ಲಿರುವ ಧರ್ಮಸಂಕಟ. ಕೈ ಮುರಿದರೂ ಸರಿ ಜೀವ ಉಳಿಯಲಿ ಎನ್ನುವುದು ಒಂದು ನಿಲುವು. ಕೈ ಮುರಿದು ಹಿಡಿತವೂ ತಪ್ಪಿ ಇನ್ನೂ ಆಳಕ್ಕೆ ಹೋದರೆ ಎರಡೂ ಹೋಯಿತು ಎನ್ನುವುದು ಇನ್ನೊಂದು. ತಂದೆತಾಯಿಯನ್ನು ಕೇಳದೆ, ವೈದ್ಯರನ್ನು ಕೇಳದೆ, ಎರಡರಲ್ಲಿ ಒಂದನ್ನು ಆ ಕೋಣೆಯಲ್ಲಿ ಒಬ್ಬರು ಆರಿಸಿಬಿಟ್ಟಿರುತ್ತಾರೆ. ಹೊಂಡದ ಬಳಿ ಕೂತವನಿಗೆ ತಾನು ನಡೆಸುತ್ತಿದ್ದೇನೆ ಎಂಬ ಭಾವ ಮಾತ್ರ ಇರುತ್ತದೆ. ಕೆಲಸ ಕೆಟ್ಟರೆ ಜನ ಹಿಡಿಯುವುದು ಅವನನ್ನು.

ಇದನ್ನು ಬರಿಯ ತರ್ಕವೆಂದು ತಳ್ಳಿಹಾಕುವ ಹಾಗಿಲ್ಲ. 2019ರ ಅಕ್ಟೋಬರ್ 25ರಂದು ತಿರುಚಿರಾಪಳ್ಳಿ ಜಿಲ್ಲೆಯ ನಡುಕಾಟ್ಟುಪಟ್ಟಿಯಲ್ಲಿ ಎರಡು ವರ್ಷದ ಹುಡುಗ ಬೋರಿಗೆ ಬಿದ್ದ. ಮೊದಲು ಸಿಕ್ಕಿಕೊಂಡಿದ್ದದ್ದು ಸುಮಾರು 26 ಅಡಿಯಲ್ಲಿ. ಮೇಲಿನಿಂದ ಕೈಗೆ ಹಗ್ಗದ ಕುಣಿಕೆ ಬಿಗಿದು ಎತ್ತುವ ಪ್ರಯತ್ನಗಳಾದವು, ಪಕ್ಕದಲ್ಲಿ ಹೊಂಡ ತೋಡುವುದೂ ನಡೆಯಿತು. ಹುಡುಗ 70 ಅಡಿಗೂ ಕೆಳಗೆ ಜಾರಿದ. ಎಣ್ಣೆ ಬಾವಿ ಕೊರೆಯುವ ರಿಗ್ ತಂದರೂ ಕೆಳಗಿನ ಬಂಡೆ ಜಗ್ಗಲಿಲ್ಲ. ಮೂರು ದಿನಕ್ಕೂ ಹೆಚ್ಚು ಕಾಲದ ನಂತರ ಸಿಕ್ಕಿದ್ದು ಶವ. ಯಾವ ಕ್ಷಣದ ಯಾವ ಕೆಲಸ ಅವನನ್ನು ಕೆಳಗೆ ಜಾರಿಸಿತೆಂದು ಬೆರಳಿಟ್ಟು ತೋರಿಸಲಾಗದು. ಆದರೆ ಮೇಲಿನಿಂದ ಮಾಡುವ ಪ್ರತಿ ಪ್ರಯತ್ನಕ್ಕೂ, ಯಂತ್ರ ಊರಿ ನೆಲ ಅದುರಿಸುವ ಪ್ರತಿ ಪೆಟ್ಟಿಗೂ ಬೆಲೆಯಿದೆ, ಅದನ್ನು ತೆರುವುದು ಒಳಗಿರುವವರು ಎಂಬುದು ಅಲ್ಲಿ ಎಲ್ಲರಿಗೂ ಕಂಡಿತು. 2022ರ ಜೂನ್‌ನಲ್ಲಿ ಛತ್ತೀಸಗಡದ ಪಿಹರೀದ್‌ನಲ್ಲಿ ಹತ್ತು ವರ್ಷದ ಹುಡುಗನಿಗಾಗಿ ಗುಜರಾತಿನಿಂದ ರೋಬೋ ಬಂತು, ಇಳಿಯಿತು, ಆಗಲಿಲ್ಲ. 104 ತಾಸಿನ ನಂತರ ಅವನನ್ನು ಬದುಕಿಸಿದ್ದು ಪಕ್ಕದಲ್ಲಿ ತೋಡಿದ ಹೊಂಡ, ಅಡ್ಡ ಸುರಂಗ.

ಲಚ್ಯಾಣಕ್ಕೆ ಬರೋಣ. ಅಲ್ಲಿ ಕೂಸಿನ ಕಾಲು ಮೇಲಿದ್ದವು. ಕ್ಯಾಮೆರಾ ಇಳಿಸಿದಾಗ ಕಾಲು ಅಲುಗುತ್ತಿದ್ದದ್ದು ಕಂಡಿತು. 16 ಅಡಿ ಎಂದರೆ ಒಂದೂವರೆ ಅಂತಸ್ತಿನಷ್ಟು. ಯಾರಿಗಾದರೂ ಮೊದಲು ಹೊಳೆಯುವುದು ಕಾಲಿಗೆ ಕುಣಿಕೆ ಹಾಕಿ ಎಳೆಯುವುದು. ಸುತ್ತ ನೆರೆದ ಜನ ಇಂಥ ಕಡೆ ಏನು ಅನ್ನುತ್ತಾರೆಂದು ನಮ್ಮ ಕಡೆಯವರಿಗೆ ಹೇಳಬೇಕಿಲ್ಲ: ‘ಏನ್ ನೋಡ್ಕೋತ ನಿಂತೀರಿ, ಜಗ್ರಿ ಸರ, ಕಾಲ ಕಾಣಾಕತ್ತಾವಲ್ಲ!’ ಆ ಮಾತಿನ ಹಿಂದಿನ ಕರುಳು ಸುಳ್ಳಲ್ಲ. ತಲೆ ಕೆಳಗಾಗಿ ತಾಸುಗಟ್ಟಲೆ ಇರುವ ಕೂಸಿಗೆ ಪ್ರತಿ ನಿಮಿಷವೂ ಅಪಾಯ. ಆದರೆ ಜಗ್ಗುವವನಿಗೆ ಗೊತ್ತಿಲ್ಲದ್ದು ಒಂದಿದೆ: ಕೂಸನ್ನು ಹಿಡಿದು ನಿಲ್ಲಿಸಿರುವುದು ಏನು? ಅದೇ ಕಲ್ಲಿನ ಮೂಲೆ ಅದನ್ನು ಮೇಲೆ ಬರಲೂ ಬಿಡುತ್ತಿಲ್ಲ, ಕೆಳಗೆ ಹೋಗಲೂ ಬಿಡುತ್ತಿಲ್ಲ. ಜಗ್ಗಿದಾಗ ಅದು ಸಡಿಲವಾಗಿ, ಕುಣಿಕೆಯೂ ಜಾರಿದರೆ ಕೆಳಗೆ ನೂರಾರು ಅಡಿ. ಅಂದರೆ ಎಲ್ಲರೂ ಅಡ್ಡಿ ಎನ್ನುತ್ತಿದ್ದದ್ದೇ ಆ ಹೊತ್ತಿಗೆ ಕೂಸಿನ ಆಧಾರವಾಗಿತ್ತು.

ಜೆಸಿಬಿ, ಹಿಟಾಚಿಗಳು ಪಕ್ಕದಲ್ಲಿ ಹೊಂಡ ತೋಡಿದವು. ಎನ್‌ಡಿಆರ್‌ಎಫ್, ಎಸ್‌ಡಿಆರ್‌ಎಫ್, ಅಗ್ನಿಶಾಮಕ ದಳ, ಪೊಲೀಸರು, ಆರೋಗ್ಯ ಇಲಾಖೆ ಎಲ್ಲರೂ ಇದ್ದರು. ಪೈಪಿನಲ್ಲಿ ಆಮ್ಲಜನಕ ಹೋಯಿತು. ಹೊಂಡವನ್ನು ಕೂಸಿಗಿಂತ ಕೆಳಕ್ಕೆ, 20 ಅಡಿಯ ಆಚೆಗೆ ಒಯ್ದು, ಅಲ್ಲಿಂದ ಬೋರಿನ ಕಡೆಗೆ ಅಡ್ಡ ಕೊರೆದರು. ಜಾರಿದರೆ ಕೈಗೇ ಜಾರಲಿ ಎಂಬ ಲೆಕ್ಕ ಅದರಲ್ಲಿದೆ. ಕೊನೆಯ ಅಂತರದಲ್ಲಿ ಕಲ್ಲು ಸಿಕ್ಕಿತು, ಕೆಲಸ ನಿಧಾನವಾಯಿತು. ರಾತ್ರಿಯೆಲ್ಲ ಟಿವಿ ಚಾನೆಲ್‌ಗಳು ‘ಇನ್ನು ಕೆಲವೇ ನಿಮಿಷ’ ಎನ್ನುತ್ತಲೇ ಇದ್ದವು. ನಮ್ಮ ಚಾನೆಲ್‌ಗಳ ನಿಮಿಷಕ್ಕೆ ಅರವತ್ತು ಸೆಕೆಂಡಿನ ನಿಯಮ ಅನ್ವಯಿಸುವುದಿಲ್ಲ. ಅಂಥ ಹೊತ್ತಿನಲ್ಲಿ ಅವಸರ ಮಾಡದೆ ಇರುವುದು ಸುಮ್ಮನೆ ಇರುವುದಲ್ಲ. ಅಲ್ಲಿ ಯಾರೋ ಒಬ್ಬ ಅಧಿಕಾರಿ, ಇಲ್ಲ ಕೆಲವರು ಸೇರಿ, ಜಗ್ಗುವುದು ಬೇಡ, ತೋಡೋಣ ಎಂಬ ಭಾರ ಹೊತ್ತರು. ಕೂಸು ರಾತ್ರಿಯಲ್ಲಿ ತೀರಿಕೊಂಡಿದ್ದರೆ, ಕಾಲು ಕಾಣುತ್ತಿದ್ದರೂ ಎಳೆಯಲಿಲ್ಲ ಎಂಬ ಮಾತನ್ನು ಅವರು ಜೀವಮಾನವಿಡೀ ಕೇಳಬೇಕಾಗುತ್ತಿತ್ತು. ಕೂಸು ಬದುಕಿತು ಎಂಬ ಕಾರಣಕ್ಕೆ ಮಾತ್ರ ಆ ತೀರ್ಮಾನ ಸರಿಯಾಗುವುದಲ್ಲ. ಬದುಕದಿದ್ದರೂ ಸರಿಯೇ ಆಗಿರುತ್ತಿತ್ತು. ಇದನ್ನು ಒಪ್ಪಿಕೊಳ್ಳುವುದು ನಮಗೆ ಕಷ್ಟ. ಗೆದ್ದ ತೀರ್ಮಾನವನ್ನು ಹೊಗಳುವುದು, ಸೋತದ್ದನ್ನು ಬಯ್ಯುವುದು ನಮಗೆ ರೂಢಿಯಾಗಿದೆ.

ಲಚ್ಯಾಣದಲ್ಲಿ ಜಗ್ಗದೆ ನಿಲ್ಲುವ ತೀರ್ಮಾನ ಮಾಡಿದವರು ಹೊಂಡದ ಅಂಚಿನಲ್ಲಿದ್ದರು, ಕೂಸಿನ ಅಳು ಕೇಳುತ್ತಿದ್ದರು. ನಾಳೆ ಇನ್ನೂ ಜಾಣ ಯಂತ್ರ ಬರುತ್ತದೆ, ಬರಲಿ. ಆದರೆ ಅದು ಈ ನಿಲ್ಲುವುದನ್ನು ಕಳೆಯಬಾರದು. ಎಂಐಟಿಯ ಫೆರೆಲ್ ಮತ್ತು ಶೆರಿಡನ್ 1960ರ ದಶಕದಲ್ಲೇ ಕಂಡುಕೊಂಡದ್ದು: ದೂರದ ಕೈಯಿಂದ ಚಿತ್ರ ತಡವಾಗಿ ಬಂದರೆ ಜನ ಯಾರೂ ಹೇಳಿಕೊಡದಿದ್ದರೂ ಒಂದಿಷ್ಟು ಸರಿಸುತ್ತಾರೆ, ನಿಲ್ಲುತ್ತಾರೆ, ಏನಾಯಿತೆಂದು ನೋಡುತ್ತಾರೆ, ಆಮೇಲೆ ಮತ್ತೆ ಸರಿಸುತ್ತಾರೆ. ನಿಲ್ಲುವುದು ಮನುಷ್ಯನಿಗೆ ಸಹಜವಾಗಿಯೇ ಬರುತ್ತದೆ. ಸುಗಮವಾಗಿ, ಎಲ್ಲಿಯೂ ತಾಗದೆ ಕೈಯನ್ನು ಗುರಿಗೆ ಮುಟ್ಟಿಸುವ ಸಹಾಯ ಆ ನಿಲುಗಡೆಯನ್ನೇ ತಿಂದುಹಾಕುವ ಅಪಾಯವಿದೆ. ಇಂಥ ಯಂತ್ರ ಕಟ್ಟುವವರಿಗೆ ನಾನು ಕೇಳುವುದು ಇಷ್ಟೇ: ನಡೆಸುವವನ ಪರದೆಯ ಮೂಲೆಯಲ್ಲಿ, ಈ ಕ್ಷಣ ಕೈಯಲ್ಲಿ ನಿನ್ನ ಪಾಲೆಷ್ಟು, ನನ್ನ ಪಾಲೆಷ್ಟು ಎಂದು ಯಂತ್ರ ತೋರಿಸುತ್ತಿರಲಿ. ಮಗುವಿನ ಮೈಗೆ ಒತ್ತುವ ಬಲದ ಮಿತಿ ಎಷ್ಟೆಂದು, ಅದನ್ನು ಯಾವ ವೈದ್ಯರನ್ನು ಕೇಳಿ ಯಾರು ನಿಗದಿ ಮಾಡಿದರೆಂದು ಯಂತ್ರದ ಮೈಮೇಲೆ ಬರೆದಿರಲಿ.

ಇದು ಅತಿಯಾದ ಬೇಡಿಕೆ ಎನ್ನುವವರಿಗೆ, ಇದೇ ಬೇಡಿಕೆಯನ್ನು ನಾವು ಬೋರು ಕೊರೆಯುವವರ ಮುಂದೆ ಆಗಲೇ ಇಟ್ಟಿದ್ದೇವೆ ಎಂದು ನೆನಪಿಸಬೇಕು. ಅಲ್ಲೂ ದುಡುಕು ನಡೆಯುವುದು ಮಗು ಬೀಳುವ ಹೊತ್ತಿನಲ್ಲಲ್ಲ, ಅದಕ್ಕೆ ಮುಂಚೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಅದೇ ವರ್ಷ ಇಂಡಿ ಲಿಂಬೆಗೆ ಜಿಐ ಟ್ಯಾಗ್ ಬಂತು. ಟ್ಯಾಗ್ ಬಂದರೆ ಗಿಡಕ್ಕೆ ನೀರು ಬರುವುದಿಲ್ಲ. ಕೃಷ್ಣೆಯ ನೀರೆತ್ತುವ ಮುಳವಾಡ ಏತ ನೀರಾವರಿ ಬಸವನಬಾಗೇವಾಡಿ ಸೀಮೆಯ ಎಷ್ಟೋ ಒಣ ಹೊಲಗಳಿಗೆ ಕಾಲುವೆ ತಂದಿದೆ. ಕಾಲುವೆಯ ಬಾಲ ಮುಟ್ಟದ ಕಡೆ ಉಳಿದದ್ದು ಬೋರು ಒಂದೇ. ಸಾಲ ತಂದು ಒಂದು ಕೊರೆಸುವುದು, ಅದು ಫೇಲಾದರೆ ಪಕ್ಕದಲ್ಲೇ ಇನ್ನೊಂದು. ಒಂದೊಂದು ತೂತಿನ ಹಿಂದೆಯೂ ಒಣಗುತ್ತಿರುವ ಒಂದು ತೋಟವಿದೆ. ಆ ಮನೆಯವರನ್ನು ಕಟಕಟೆಗೆ ನಿಲ್ಲಿಸುವ ಹಕ್ಕು ನನಗಿಲ್ಲ. ರಿಗ್ ಗಾಡಿ ಹಾಗಲ್ಲ. ಅದು ಅಡಿಗಿಷ್ಟು ಎಂದು ಎಣಿಸಿ ದುಡ್ಡು ಪಡೆದು, ರಾತ್ರೋರಾತ್ರಿ ಮುಂದಿನ ಊರಿಗೆ ಹೋಗಿರುತ್ತದೆ. ಮಗು ಬಿದ್ದಾಗ ಅದರ ಯಜಮಾನನೂ ಹೊಂಡದ ಹತ್ತಿರ ಇರುವುದಿಲ್ಲ.

ಸುಪ್ರೀಂ ಕೋರ್ಟ್ 2010ರಲ್ಲಿ ಕೊಟ್ಟ ಮಾರ್ಗಸೂಚಿ ಇದನ್ನು ಸರಿಯಾಗಿ ಹಿಡಿದಿದೆ. ಕೊರೆಯುವ 15 ದಿನ ಮೊದಲು ಅಧಿಕಾರಿಗಳಿಗೆ ತಿಳಿಸಬೇಕು. ಕೊರೆಯುವಾಗ ಸುತ್ತ ಬೇಲಿ ಹಾಕಬೇಕು. ಕೇಸಿಂಗ್ ಸುತ್ತ ಅರ್ಧ ಮೀಟರ್ ಅಗಲದ ಕಾಂಕ್ರೀಟ್ ಕಟ್ಟೆ, ಅದು ನೆಲದ ಮೇಲೆ 30 ಸೆಂಟಿಮೀಟರ್, ಕೆಳಗೆ 30 ಸೆಂಟಿಮೀಟರ್. ಬಾಯಿಗೆ ಬೆಸುಗೆ ಹಾಕಿದ ಉಕ್ಕಿನ ತಗಡು, ಇಲ್ಲವೇ ನಟ್ಟು ಬೋಲ್ಟು ಬಿಗಿದ ಮುಚ್ಚಳ. ಫೇಲಾದ ಬೋರನ್ನು ಮಣ್ಣು, ಮರಳು, ಕಲ್ಲು, ಇಲ್ಲವೇ ಕೊರೆದಾಗ ಬಂದ ಪುಡಿಯಿಂದಲೇ ತಳದಿಂದ ನೆಲಮಟ್ಟದವರೆಗೆ ತುಂಬಬೇಕು. ಆ ಪುಡಿ ಎಲ್ಲಿಂದಲೂ ತರಬೇಕಿಲ್ಲ. ರಿಗ್ ಹೋದ ಮೇಲೆ ತೂತಿನ ಪಕ್ಕದಲ್ಲೇ ಬೂದಿ ಬಣ್ಣದ ಗುಪ್ಪೆಯಾಗಿ ಬಿದ್ದಿರುತ್ತದೆ. ಇಷ್ಟಿದ್ದೂ ನಾಗಠಾಣ ಆಯಿತು. ಅದೇ ವರ್ಷ ಆಗಸ್ಟ್‌ನಲ್ಲಿ ಬಾದಾಮಿ ತಾಲ್ಲೂಕಿನ ಸೂಳಿಕೇರಿ, 2017ರಲ್ಲಿ ಅಥಣಿ ತಾಲ್ಲೂಕಿನ ಝುಂಜರವಾಡ ಆದವು. ಆ ಎರಡೂ ಮಕ್ಕಳು ಉಳಿಯಲಿಲ್ಲ. ಲಚ್ಯಾಣ ಆದ ಮೇಲೆ, 2024ರ ಡಿಸೆಂಬರ್‌ನ ಬೆಳಗಾವಿ ಅಧಿವೇಶನದಲ್ಲಿ ರಾಜ್ಯ ಸರ್ಕಾರ ಅಂತರ್ಜಲ ಕಾಯ್ದೆಯ ತಿದ್ದುಪಡಿ ತಂದು, ಬೋರು ಮುಚ್ಚದವರಿಗೆ ಜೈಲು ಮತ್ತು ದಂಡ ಎರಡನ್ನೂ ಸೇರಿಸಿತು.

ಆ ಮಾರ್ಗಸೂಚಿಯಲ್ಲಿ ನನಗೆ ಬಹಳ ಮೆಚ್ಚಿಗೆಯಾದದ್ದು, ಯಾರೂ ಮಾತಾಡದ ಒಂದು ಅಂಶ. ಬೋರು ಕೊರೆಯುವ ಜಾಗದಲ್ಲಿ ಫಲಕ ನಿಲ್ಲಿಸಬೇಕು. ಅದರ ಮೇಲೆ ಕೊರೆಯುವ ಸಂಸ್ಥೆಯ ಪೂರ್ಣ ವಿಳಾಸ, ಕೊರೆಸುವವರ ಪೂರ್ಣ ವಿಳಾಸ ಎರಡೂ ಇರಬೇಕು. ಇಂಡಿಯಿಂದ ಸಿಂದಗಿಯವರೆಗೆ ಹೊಲಗಳ ನಡುವೆ ಹಾದು ಹೋಗಿ ನೋಡಿ: ಬೀಜದ ಕಂಪನಿಯ ಫಲಕ ಸಿಗುತ್ತದೆ, ಗೊಬ್ಬರದ ಕಂಪನಿಯದು ಸಿಗುತ್ತದೆ. ರಿಗ್‌ನವರ ಫೋನ್ ನಂಬರು ಕರೆಂಟ್ ಕಂಬದ ಮೇಲೆ ಇರುತ್ತದೆ, ಕೊರೆದ ತೂತಿನ ಪಕ್ಕದಲ್ಲಿ ಇರುವುದಿಲ್ಲ.